ಗುಂಡಿಗೆ ಇಳಿಸಿದವರ ಹೆಸರು ಯಾಕಿಲ್ಲ?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)

ಶಿಬಿರದವರು ನಮಗೆ ಕೊಟ್ಟಿರುವ ವಿಷಯ 'ಸರಕಾರ, ಕಾರ್ಮಿಕ ಮತ್ತು ಪತ್ರಿಕೆ'. ದೊಡ್ಡ ವಿಷಯ. ದೊಡ್ಡ ವಿಷಯಕ್ಕೆ ದೊಡ್ಡ ದೊಡ್ಡ ಮಾತು ಆಡಿ ಹೋಗುವುದು ಸುಲಭ. ಬಂಡವಾಳಶಾಹಿ ಅಂದರೆ ಒಂದು ಚಪ್ಪಾಳೆ, ಪುರೋಹಿತಶಾಹಿ ಅಂದರೆ ಇನ್ನೊಂದು ಚಪ್ಪಾಳೆ. ಇವತ್ತು ಅದು ಬೇಡ. ಒಂದೇ ಒಂದು ಮಲದ ಗುಂಡಿಯ ಸುತ್ತ ನಿಂತು ಮಾತಾಡೋಣ. ಸರಕಾರ, ಕಾರ್ಮಿಕ, ಪತ್ರಿಕೆ ಮೂರೂ ಆ ಗುಂಡಿಯ ಹತ್ತಿರವೇ ಸಿಕ್ಕುತ್ತವೆ.

ಪತ್ರಿಕೆಯಲ್ಲಿ ನೀವೆಲ್ಲ ಇಂಥ ಸುದ್ದಿ ಓದಿರುತ್ತೀರಿ: 'ಮ್ಯಾನ್‌ಹೋಲ್‌ನಲ್ಲಿ ಉಸಿರುಗಟ್ಟಿ ಮೂವರು ಕಾರ್ಮಿಕರ ಸಾವು.' 2017ರ ಮಾರ್ಚಿನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಕಡೆ ಮೂವರು ಹೀಗೇ ಸತ್ತರು. 2018ರ ಜನವರಿಯಲ್ಲಿ ಎಚ್.ಎಸ್.ಆರ್. ಬಡಾವಣೆ ಕಡೆಯ ಒಂದು ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧೀಕರಣ ಗುಂಡಿಯಲ್ಲಿ ಮತ್ತೆ ಮೂವರು. ಊರು ಬದಲಾಗುತ್ತದೆ, ತಾರೀಖು ಬದಲಾಗುತ್ತದೆ, ವಾಕ್ಯ ಮಾತ್ರ ಅದೇ.

ಆ ವಾಕ್ಯವನ್ನು ಒಂದು ಸಲ ಬಿಡಿಸಿ ನೋಡ್ರಿ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಕರ್ತೃ, ಕರ್ಮ, ಕ್ರಿಯಾಪದ ಅಂತ ಕಲಿಸಿದ್ದಾರಲ್ಲ, ಆ ಪಾಠ ಇಲ್ಲಿ ಉಪಯೋಗಕ್ಕೆ ಬರಲಿ. 'ಉಸಿರುಗಟ್ಟಿ ಸಾವು.' ಕರ್ತೃ ಎಲ್ಲಿ? ಆ ಮೂವರನ್ನು ಯಾರು ಕರೆದರು? ಯಾರು ಕೂಲಿ ಗೊತ್ತು ಮಾಡಿದರು? ಮುಚ್ಚಳ ತೆಗೆಯಲು ಯಾರು ಹೇಳಿದರು? ಆ ಕೆಲಸದ ಟೆಂಡರು ಯಾರದು, ಬಿಲ್ಲಿಗೆ ರುಜು ಹಾಕುವ ಇಂಜಿನಿಯರು ಯಾರು? ಒಂದೂ ವಾಕ್ಯದಲ್ಲಿ ಇಲ್ಲ. ಓದಿದರೆ ಆ ಮೂವರೂ ತಾವೇ ನಡೆದು ಹೋಗಿ, ತಾವೇ ಮುಚ್ಚಳ ತೆಗೆದು, ತಾವೇ ಇಳಿದು ಸತ್ತ ಹಾಗೆ ಇರುತ್ತದೆ. ಕೆಲವು ಸಲ 'ವಿಷಾನಿಲ ಬಲಿ' ಅಂತ ಬರೀತಾರೆ. ಆಗ ಗಾಳಿಯೇ ಕೊಲೆಗಾರ. ಗಾಳಿಯನ್ನು ಜೈಲಿಗೆ ಹಾಕೋದು ಹೇಗೆ?

ನಾವು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಈ ಸಾವುಗಳಲ್ಲಿ ಕರ್ತೃ ತಾನಾಗಿ ಕಾಣೆಯಾಗಿಲ್ಲ. ಅವನನ್ನು ಕಾಣೆ ಮಾಡಿದ್ದಾರೆ. ಗುತ್ತಿಗೆ ಕಾಗದದಲ್ಲಿ ಒಂದು ಸಲ, ಪೊಲೀಸ್ ಠಾಣೆಯಲ್ಲಿ ಒಂದು ಸಲ, ಪಾರ್ಲಿಮೆಂಟಿನ ಉತ್ತರದಲ್ಲಿ ಒಂದು ಸಲ, ಪತ್ರಿಕೆಯ ತಲೆಬರಹದಲ್ಲಿ ಒಂದು ಸಲ. ಕರ್ತೃವನ್ನು ವಾಪಸು ವಾಕ್ಯದೊಳಕ್ಕೆ ತರುವುದು ಓದುಬರಹ ಬಲ್ಲವರ ಕೆಲಸ, ಅಂದರೆ ನಿಮ್ಮ ಕೆಲಸ.

ಮೊದಲು ಗುಂಡಿಯೊಳಗೆ ಏನು ನಡೆಯುತ್ತದೆ ತಿಳಿದುಕೊಳ್ಳಿ. ಸೈನ್ಸ್ ಓದುವವರಿಗೆ ಇದು ಗೊತ್ತಿರಬೇಕು. ಗಾಳಿಯಾಡದ ಕಡೆ ಮಲ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಮೀಥೇನ್ ಹುಟ್ಟುತ್ತದೆ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ನಾತ. ಜಾಸ್ತಿ ಇದ್ದರೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ನಾತವೇ ಗೊತ್ತಾಗುವುದಿಲ್ಲ. ಇನ್ನೂ ಜಾಸ್ತಿ ಇದ್ದರೆ ಒಂದೆರಡು ಉಸಿರಿಗೆ ಮನುಷ್ಯ ಬೀಳುತ್ತಾನೆ. ಒಬ್ಬ ಬಿದ್ದದ್ದನ್ನು ಕಂಡು ಮೇಲಿದ್ದ ಇನ್ನೊಬ್ಬ ಎತ್ತಲು ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಅದಕ್ಕೇ ಈ ಸುದ್ದಿಗಳಲ್ಲಿ ಅನೇಕ ಸಲ ಸತ್ತವರು ಇಬ್ಬರು, ಮೂವರು. ಕೆಲಸಕ್ಕೆ ಬಾರದ ಒಂದು ಮಾಸ್ಕ್, ಒಂದು ಜೊತೆ ಕೈಗವಸು ಕೊಟ್ಟರೆ ಇದು ತಪ್ಪುವುದಿಲ್ಲ. ಗಾಳಿ ಅಳೆಯುವ ಯಂತ್ರ ಬೇಕು, ಆಮ್ಲಜನಕದ ಸಿಲಿಂಡರ್ ಬೇಕು, ಮೇಲಿಂದ ಎಳೆಯುವ ಹಗ್ಗ ಬೇಕು, ಎಲ್ಲಕ್ಕಿಂತ ಮೊದಲು ಮನುಷ್ಯ ಇಳಿಯದೆ ಯಂತ್ರ ಇಳಿಯಬೇಕು. ಇವೆಲ್ಲ ಯಾವ ದೇಶಕ್ಕೂ ಹೊಸ ವಿದ್ಯೆ ಅಲ್ಲ. ಚಂದ್ರನ ಮೇಲೆ ಯಂತ್ರ ಇಳಿಸಿದ ದೇಶ ನಮ್ಮದು. ರಸ್ತೆಯ ಕೆಳಗೆ ಹತ್ತಡಿ ಯಂತ್ರ ಇಳಿಸಲು ಆಗದು ಅಂದರೆ ಅದು ವಿದ್ಯೆಯ ಕೊರತೆ ಅಲ್ಲ, ಇಳಿಯಲು ಅಗ್ಗದ ಜಾತಿ ಒಂದು ಸಿಕ್ಕುತ್ತದೆ ಎನ್ನುವ ಧೈರ್ಯ.

ಇನ್ನು ಕಾನೂನು. ಸಂವಿಧಾನದ 17ನೇ ವಿಧಿ 1950ರಲ್ಲೇ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ನಮ್ಮ ರಾಜ್ಯದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದ ಮೊದಲಲ್ಲಿ, ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶಕ್ಕೆ ಕಾಯಿದೆ ಬಂದದ್ದು ಅದಾದ ಇಪ್ಪತ್ತು ವರ್ಷದ ಮೇಲೆ, 1993ರಲ್ಲಿ. ಅದು ಒಣ ಕಕ್ಕಸಿನ ಬಗ್ಗೆ ಮಾತ್ರ. ಎರಡನೆಯ ಕಾಯಿದೆ 2013ರದ್ದು, ಆ ವರ್ಷ ಡಿಸೆಂಬರ್ 6ರಂದು ಜಾರಿಗೆ ಬಂತು. ಬಾಬಾಸಾಹೇಬರ ಪರಿನಿಬ್ಬಾಣದ ದಿನ. ದಿನ ಆರಿಸುವುದರಲ್ಲಿ ನಮ್ಮ ಸರಕಾರಗಳು ಯಾವತ್ತೂ ಹಿಂದೆ ಬಿದ್ದಿಲ್ಲ.

2013ರ ಕಾಯಿದೆ ಏನು ಹೇಳುತ್ತದೆ? ಯಾವ ವ್ಯಕ್ತಿಯೂ, ಸ್ಥಳೀಯ ಸಂಸ್ಥೆಯೂ, ಏಜೆನ್ಸಿಯೂ ಮನುಷ್ಯರನ್ನು ಅಪಾಯಕಾರಿ ರೀತಿಯಲ್ಲಿ ಚರಂಡಿ, ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡಲು ಹಚ್ಚಬಾರದು. ಹಚ್ಚಿದರೆ ಮೊದಲ ಸಲಕ್ಕೆ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ ಐದು ವರ್ಷ, ಐದು ಲಕ್ಷ. ಸತ್ತ ಮೇಲಲ್ಲ, ಇಳಿಸಿದರೇ ಅಪರಾಧ. ಇದರ ಮೇಲೆ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ಬಂದು, ಪರಿಶಿಷ್ಟರಿಂದ ಮಲ ಬಾಚಿಸುವುದೂ ದೌರ್ಜನ್ಯ ಅಂತ ಸೇರಿತು. ಕಾಗದ ನೋಡಿದರೆ ಕಾನೂನಿಗೆ ಹಲ್ಲಿದೆ.

ಆದರೆ ಅದೇ ಕಾಯಿದೆಯಲ್ಲಿ ಕಿಂಡಿಯೂ ಇದೆ. 'ಅಪಾಯಕಾರಿ ಶುಚಿ' ಅಂದರೆ ರಕ್ಷಣಾ ಸಾಮಗ್ರಿ ಕೊಡದೆ, ಮುನ್ನೆಚ್ಚರಿಕೆ ವಹಿಸದೆ ಕೆಲಸ ಮಾಡಿಸುವುದು ಅಂತ ಅರ್ಥ ಬರೆದಿದ್ದಾರೆ. ಅಂದರೆ ಸಾಮಗ್ರಿ ಕೊಟ್ಟರೆ ಇಳಿಸಬಹುದು ಅಂತ ಆಯಿತು. ಕೊಟ್ಟಿದ್ದರೋ ಇಲ್ಲವೋ ಹೇಳಬೇಕಾದವನು ಸತ್ತಿದ್ದಾನೆ. ಗುತ್ತಿಗೆದಾರ ಹೇಳುತ್ತಾನೆ: 'ಕೊಟ್ಟಿದ್ದೆ ಸಾರ್, ಅವನೇ ಹಾಕಿಕೊಳ್ಳಲಿಲ್ಲ.'

ಈ ಮಾತು ಎಷ್ಟು ನಿಜ? 2022, 2023ರ ಸಾವುಗಳ ಬಗ್ಗೆ ಕೇಂದ್ರ ಸರಕಾರವೇ ಒಂದು ಸಾಮಾಜಿಕ ಪರಿಶೋಧನೆ ಮಾಡಿಸಿ ಅದರ ವಿವರವನ್ನು 2025ರಲ್ಲಿ ಪಾರ್ಲಿಮೆಂಟಿಗೆ ಕೊಟ್ಟಿತು. ಪರಿಶೀಲಿಸಿದ 54 ಸಾವುಗಳಲ್ಲಿ 49 ಜನರ ಮೈ ಮೇಲೆ ಯಾವ ರಕ್ಷಣಾ ಸಾಮಗ್ರಿಯೂ ಇರಲಿಲ್ಲ. 38 ಜನ ಬಿಡಿಯಾಗಿ ಕೂಲಿಗೆ ಕರೆದು ತಂದವರು. ಹಾಜರಿ ಪುಸ್ತಕವಿಲ್ಲ, ಪಿ.ಎಫ್. ಇಲ್ಲ, ಗುರುತಿನ ಚೀಟಿ ಇಲ್ಲ. ಬದುಕಿದ್ದಾಗ ಯಾವ ರಿಜಿಸ್ಟರಿನಲ್ಲೂ ಇಲ್ಲದ ಹೆಸರು ಸತ್ತ ಮೇಲೆ ಪೋಸ್ಟ್‌ಮಾರ್ಟಮ್ ಕಾಗದದಲ್ಲಿ ಮೊದಲ ಸಲ ಬರುತ್ತದೆ.

ಠಾಣೆಯಲ್ಲಿ ಏನಾಗುತ್ತದೆ? ಸಾಮಾನ್ಯವಾಗಿ 'ನಿರ್ಲಕ್ಷ್ಯದಿಂದ ಸಾವು' ಅಂತ ಕೇಸು. ಹಳೆಯ ದಂಡಸಂಹಿತೆಯಲ್ಲಿ ಅದು 304-ಎ, 2024ರ ಜುಲೈಯಿಂದ ಬಂದ ಹೊಸ ಸಂಹಿತೆಯಲ್ಲಿ 106. ರಸ್ತೆಯಲ್ಲಿ ಲಾರಿ ಗುದ್ದಿದರೂ ಅದೇ ಕಲಮು. 2013ರ ಕಾಯಿದೆಯ ಕಲಮು ಹಾಕಿಸಲು, ದೌರ್ಜನ್ಯ ತಡೆ ಕಾಯಿದೆಯ ಕಲಮು ಹಾಕಿಸಲು ಸತ್ತವನ ಮನೆಯವರು ಠಾಣೆ ಮುಂದೆ ಕೂರಬೇಕು. ಕೇರಿಯ ಒಬ್ಬ ಹೆಣ್ಣುಮಗಳಿಗೆ ಗಂಡನ ಹೆಣ ಬಿಡಿಸಿಕೊಳ್ಳುವುದೇ ದೊಡ್ಡ ಕೆಲಸವಾಗಿರುವಾಗ ಕಲಮಿನ ನಂಬರು ಹೇಳಿಕೊಡುವವರು ಯಾರು? ಆ ಹೊತ್ತಿಗೆ ನಮ್ಮಲ್ಲಿ ಒಬ್ಬರಾದರೂ ಅಲ್ಲಿರಬೇಕು.

ಈಗ ಪಾರ್ಲಿಮೆಂಟಿಗೆ ಬನ್ನಿ. 2021ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ಪ್ರಶ್ನೆ ಬಂತು: ಮಲ ಬಾಚುವ ಕೆಲಸದಲ್ಲಿ ಎಷ್ಟು ಜನ ಸತ್ತಿದ್ದಾರೆ? ಸಾಮಾಜಿಕ ನ್ಯಾಯ ಖಾತೆಯ ರಾಜ್ಯ ಮಂತ್ರಿ ರಾಮದಾಸ ಅಠಾವಳೆ ಕೊಟ್ಟ ಉತ್ತರ: ಅಂಥ ಸಾವು ವರದಿಯಾಗಿಲ್ಲ. ಈ ಅಠಾವಳೆ ದಲಿತ ಪ್ಯಾಂಥರ್ಸ್ ಕಾಲದಿಂದ ಬಂದವರು ಅನ್ನುವುದೂ ನಿಮಗೆ ಗೊತ್ತಿರಲಿ. ಅದೇ ವರ್ಷ ಅದೇ ಸರಕಾರ ಕೊಟ್ಟ ಇನ್ನೊಂದು ಲೆಕ್ಕ: 1993ರಿಂದ ಚರಂಡಿ, ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡುವಾಗ ಸತ್ತವರು 941.

ಎರಡೂ ಹೇಗೆ ನಿಜ? ಅದೇ ಚಮತ್ಕಾರ. ಸರಕಾರ ಮಲ ಬಾಚುವುದನ್ನು ಎರಡು ಹೋಳು ಮಾಡಿದೆ. ಒಣ ಕಕ್ಕಸಿನಿಂದ ಕೈಯಲ್ಲಿ ಬಾಚಿದರೆ 'ಮಲ ಹೊರುವುದು'. ಚರಂಡಿಗೆ ಇಳಿದು ಮೈಯೆಲ್ಲ ಮುಳುಗಿ ಬಾಚಿದರೆ 'ಅಪಾಯಕಾರಿ ಶುಚಿ'. ಮೊದಲನೆಯದರಲ್ಲಿ ಸಾಯುವುದು ಕ್ಷಯದಿಂದ, ಕಾಮಾಲೆಯಿಂದ, ಹೆಂಡದಿಂದ, ನಿಧಾನವಾಗಿ. ಅದನ್ನು ಯಾರೂ ಲೆಕ್ಕ ಇಡುವುದಿಲ್ಲ. ಎರಡನೆಯದರಲ್ಲಿ ಸಾಯುವುದು ಥಟ್ಟನೆ, ಆದರೆ ಅದರ ಹೆಸರು ಬೇರೆ. ಹಾಗಾಗಿ ಮೊದಲನೆಯ ಕಾಲಮ್ಮಿನಲ್ಲಿ ಸಾವು ಸೊನ್ನೆ. ಪದ ಬದಲಿಸಿದರು, 941 ಹೆಣ ಪಕ್ಕದ ಕಾಲಮ್ಮಿಗೆ ಹೋದವು.

ಬದುಕಿರುವವರ ಲೆಕ್ಕವೂ ಹೀಗೇ. 2011ರ ಜನಗಣತಿಯಲ್ಲಿ ಮನುಷ್ಯರು ಮಲ ತೆಗೆಯಬೇಕಾದ ಕಕ್ಕಸುಗಳು 7 ಲಕ್ಷ 94 ಸಾವಿರ ಅಂತ ಬಂತು. ಅದೇ ಕಾಲದ ಸಾಮಾಜಿಕ ಆರ್ಥಿಕ ಜಾತಿ ಗಣತಿಯಲ್ಲಿ ಹಳ್ಳಿಗಳಲ್ಲೇ ಒಂದು ಲಕ್ಷ ಎಂಬತ್ತು ಸಾವಿರಕ್ಕೂ ಮೀರಿ ಕುಟುಂಬಗಳು ಈ ಕೆಲಸದಿಂದ ಬದುಕುತ್ತಿದ್ದವು, ಅದರಲ್ಲಿ ಕರ್ನಾಟಕದ್ದು 15,375 ಕುಟುಂಬ. ಆದರೆ ಪರಿಹಾರ ಕೊಡಬೇಕಾದ ಪಟ್ಟಿ ಮಾಡುವಾಗ, 2013 ಮತ್ತು 2018ರ ಎರಡು ಸಮೀಕ್ಷೆ ಸೇರಿ ಇಡೀ ದೇಶಕ್ಕೆ ಸಿಕ್ಕವರು 58,098 ಜನ, ಕರ್ನಾಟಕದಲ್ಲಿ 2,927. ಎಣಿಸಲು ಕಾಸು ಬೇಡ, ಅಲ್ಲಿ ಕುಟುಂಬಗಳೇ ಸಾವಿರ ಸಾವಿರ. ಕೊಡಲು 40,000 ರೂಪಾಯಿ ಬೇಕು, ಇಲ್ಲಿ ತಲೆಗಳೂ ಕಾಣುವುದಿಲ್ಲ. ಈಗಂತೂ ಜಿಲ್ಲೆ ಜಿಲ್ಲೆಗಳು 'ಇಲ್ಲಿ ಆ ಪದ್ಧತಿ ಇಲ್ಲ' ಅಂತ ತಾವೇ ಬರೆದುಕೊಟ್ಟು ಮುಕ್ತವಾಗಿವೆ. ಕೆಲಸ ಮಾಡಿಸುವವರೂ ಅವರೇ, ಇಲ್ಲ ಅಂತ ಸರ್ಟಿಫಿಕೇಟು ಕೊಡುವವರೂ ಅವರೇ.

ಇನ್ನೊಂದು ಅಂಕಿ ಕೇಳಿ. ಗುರುತಿಸಿದವರಲ್ಲಿ ಜಾತಿ ವಿವರ ಸಿಕ್ಕಿದ್ದು 43,797 ಜನರದ್ದು. ಅವರಲ್ಲಿ ಪರಿಶಿಷ್ಟ ಜಾತಿಯವರು 42,594. ನೂರಕ್ಕೆ 97. ಇದನ್ನೂ ಸರಕಾರವೇ 2021ರಲ್ಲಿ ಪಾರ್ಲಿಮೆಂಟಿಗೆ ಹೇಳಿದ್ದು. ಬಡತನದಿಂದ ಈ ಕೆಲಸಕ್ಕೆ ಬರುತ್ತಾರೆ ಅನ್ನುವವರಿಗೆ ನಮ್ಮ ಪ್ರಶ್ನೆ ಒಂದೇ: ಈ ದೇಶದಲ್ಲಿ ಬಡ ಬ್ರಾಹ್ಮಣರಿಲ್ಲವೆ? ಬಡ ಲಿಂಗಾಯತರು, ಬಡ ಒಕ್ಕಲಿಗರು ಇಲ್ಲವೆ? ಇದ್ದಾರೆ, ಬೇಕಾದಷ್ಟು ಇದ್ದಾರೆ. ಅವರ ಬಡತನ ಅವರನ್ನು ಈ ಗುಂಡಿಯ ತನಕ ತಳ್ಳಿಲ್ಲ. ಗುಂಡಿಯ ತನಕ ತಳ್ಳುವುದು ಜಾತಿ. ನಮ್ಮ ಎಡಪಕ್ಷದ ಗೆಳೆಯರು ಕಾರ್ಮಿಕ, ಕಾರ್ಮಿಕ ಅನ್ನುವಾಗ ಇದನ್ನು ಮರೆಯಬಾರದು. ನಮ್ಮವರು ಜಾತಿ, ಜಾತಿ ಅನ್ನುವಾಗ ಕೂಲಿಯ ಲೆಕ್ಕ, ಗುತ್ತಿಗೆಯ ಲೆಕ್ಕ ಮರೆಯಬಾರದು. ಬಾಬಾಸಾಹೇಬರು 1936ರಲ್ಲಿ ಕಟ್ಟಿದ ಪಕ್ಷದ ಹೆಸರು ಸ್ವತಂತ್ರ ಕಾರ್ಮಿಕ ಪಕ್ಷ. ಹೆಸರಿನಲ್ಲೇ ಪಾಠ ಇದೆ.

ಸರಕಾರದ ಸೊನ್ನೆಯನ್ನು ಒಡೆದವರೂ ಇದ್ದಾರೆ. ನಮ್ಮ ಕೋಲಾರ ಚಿನ್ನದ ಗಣಿಯ ಹುಡುಗ ಬೆಜವಾಡ ವಿಲ್ಸನ್. ಗಣಿ ಕಾಲೋನಿಗಳ ಒಣ ಕಕ್ಕಸು ಬಾಚುತ್ತಿದ್ದ ಕುಟುಂಬದಲ್ಲಿ ಹುಟ್ಟಿದವರು. ಚಿನ್ನ ತೆಗೆದ ಊರಿನಲ್ಲಿ ಮಲ ಎತ್ತಲು ಯಂತ್ರ ಇರಲಿಲ್ಲ. ಅವರು ಮೊದಲು ಮಾಡಿದ ಕೆಲಸ ಅರ್ಜಿ ಬರೆದದ್ದು. ಆಮೇಲೆ ಸಂಗಾತಿಗಳ ಜೊತೆ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ, 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ರಾಜ್ಯ ಸರಕಾರಗಳು ಒಂದರ ಮೇಲೊಂದು ಪ್ರಮಾಣಪತ್ರ ಹಾಕಿದವು: ನಮ್ಮಲ್ಲಿ ಇಲ್ಲ, ನಮ್ಮಲ್ಲಿ ಇಲ್ಲ. ಆಂದೋಲನದವರು ಕೇರಿ ಕೇರಿ ಸುತ್ತಿ ಫೋಟೋ ತೆಗೆದರು, ಕಕ್ಕಸು ಎಣಿಸಿದರು, ಜನರ ವಿವರ ಬರೆದುಕೊಂಡು ಕೋರ್ಟಿಗೆ ಕೊಟ್ಟರು. ಹನ್ನೊಂದು ವರ್ಷ ನಡೆಯಿತು. 2014ರ ಮಾರ್ಚ್ 27ರಂದು ತೀರ್ಪು ಬಂತು: 1993ರಿಂದ ಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ಕೊಡಬೇಕು, ಅವರನ್ನು ಹುಡುಕಿ ಕೊಡಬೇಕು. 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಇಳಿಸುವುದನ್ನು ನಿಲ್ಲಿಸಿ ಅಂತ ಆಜ್ಞೆ ಮಾಡಿತು.

ಪರಿಹಾರ ಬೇಡ ಅಂತ ನಾವು ಹೇಳುವುದಿಲ್ಲ. ಅದು ವಿಧವೆಯ ಹಕ್ಕು, ಮಕ್ಕಳ ಓದಿನ ಹಕ್ಕು. ಆದರೆ ಒಂದು ನೋಡ್ರಿ: 30 ಲಕ್ಷ ಕೊಡುವುದು ಬೊಕ್ಕಸ. ಇಳಿಸಿದವನ ಜೇಬಿನಿಂದ ಒಂದು ಕಾಸೂ ಹೋಗದೆ, ಒಂದು ದಿನವೂ ಅವನು ಜೈಲು ನೋಡದೆ ಮುಗಿದರೆ, ಅದು ನ್ಯಾಯ ಅಲ್ಲ, ಸಾವಿಗೆ ಕಟ್ಟಿದ ರೇಟು. ರೇಟು ಏರಿದೆ, ಶಿಕ್ಷೆ ಏರಿಲ್ಲ.

ಗುತ್ತಿಗೆ ಪದ್ಧತಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಕರ್ತೃ ಎಲ್ಲಿ ಬಚ್ಚಿಟ್ಟುಕೊಂಡಿದ್ದಾನೆ ಗೊತ್ತಾಗುವುದಿಲ್ಲ. ಪೌರಕಾರ್ಮಿಕರ ಸ್ಥಿತಿ ನೋಡಲು ನಮ್ಮ ಸರಕಾರ ನೇಮಿಸಿದ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲೇ ವರದಿ ಕೊಟ್ಟಿತ್ತು. ಇಷ್ಟು ಜನಸಂಖ್ಯೆಗೆ ಇಷ್ಟು ಕಾರ್ಮಿಕರು ಇರಬೇಕು ಅಂತ ಅದು ಹೇಳಿತ್ತು. ಆದರೆ ಆಮೇಲೆ ಊರುಗಳು ಬೆಳೆದಂತೆ ನೇಮಕ ಬೆಳೆಯಲಿಲ್ಲ, ಗುತ್ತಿಗೆ ಬೆಳೆಯಿತು. ಗುತ್ತಿಗೆ ಅಂದರೆ ಏನು? ಬೀದಿ ನಗರಸಭೆಯದು, ಕಸ ನಗರಸಭೆಯದು, ಕಾಸು ನಗರಸಭೆಯದು, ಪೊರಕೆ ಹಿಡಿದ ಹೆಂಗಸು ಮಾತ್ರ ಯಾರವಳೂ ಅಲ್ಲ. ಸಂಬಳ ಬರಲಿಲ್ಲ ಅಂದರೆ ನಗರಸಭೆ 'ಗುತ್ತಿಗೆದಾರನನ್ನು ಕೇಳು' ಅನ್ನುತ್ತದೆ, ಗುತ್ತಿಗೆದಾರ 'ಬಿಲ್ ಪಾಸಾಗಿಲ್ಲ' ಅನ್ನುತ್ತಾನೆ. 1970ರ ಗುತ್ತಿಗೆ ಕಾರ್ಮಿಕ ಕಾಯಿದೆ 'ಮೂಲ ಮಾಲೀಕ' ಅನ್ನುವ ಮಾತನ್ನು ತಂದದ್ದೇ ಇದಕ್ಕೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡವನೇ ಕೊಡಬೇಕು ಅಂತ. ಆದರೆ ಹೊಟ್ಟೆಗೆ ಬೇಕಾದಾಗ ಆ ಮೂಲ ಮಾಲೀಕನ ಬಾಗಿಲು ತೆರೆದಿರುವುದಿಲ್ಲ. 2018ರ ಜುಲೈನಲ್ಲಿ ತಿಂಗಳುಗಟ್ಟಲೆ ಸಂಬಳ ಸಿಗದೆ ಬೆಂಗಳೂರಿನ ಒಬ್ಬ ಪೌರಕಾರ್ಮಿಕ ಜೀವ ಕಳೆದುಕೊಂಡ. ಆಗ ಸುದ್ದಿಯಾಯಿತು. ಆ ತಿಂಗಳುಗಳಲ್ಲಿ ಒಂದೊಂದೂ ಸುದ್ದಿಯಾಗಿರಲಿಲ್ಲ.

ಸಂಘ ಕಟ್ಟಿದರೆ ಏನಾಗುತ್ತದೆ ಅನ್ನುವುದನ್ನೂ ಹೇಳಬೇಕು. ಅದೇ ಬೆಂಗಳೂರಿನ ಪೌರಕಾರ್ಮಿಕರು, ಹೆಚ್ಚಿನವರು ದಲಿತ ಹೆಣ್ಣುಮಕ್ಕಳು, ಮೊದಲು ಗುತ್ತಿಗೆದಾರನನ್ನು ನಡುವಿನಿಂದ ತೆಗೆಸಿ ನೇರ ಪಾವತಿ ಪಡೆದರು. 2022ರ ಜುಲೈ 1ರಿಂದ ನಾಲ್ಕು ದಿನ ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಿನಲ್ಲಿ ಕೂತರು. ಸರಕಾರ ಮಾತು ಕೊಡಬೇಕಾಯಿತು. ಮಾತು ಕಾಗದವಾಗಲು ಮೂರು ವರ್ಷ ಹಿಡಿಯಿತು. 2025ರ ಮೇ ದಿನದಂದು 12,692 ಜನರಿಗೆ ನೇಮಕ ಪತ್ರ ಸಿಕ್ಕಿತು. ಇದು ಯಾವ ಮುಖ್ಯಮಂತ್ರಿಯ ದಾನವೂ ಅಲ್ಲ. ಬೀದಿ ಗುಡಿಸುವವರು ಬೀದಿಗೆ ಬಂದದ್ದರ ಫಲ.

ಆ ನಾಲ್ಕು ದಿನ ಸುದ್ದಿಯ ಪೆಟ್ಟಿಗೆಗಳು ಹೆಚ್ಚಾಗಿ ತೋರಿಸಿದ್ದು ಏನನ್ನು? ಕಸದ ರಾಶಿಯನ್ನು. 'ಗಬ್ಬು ನಾರುತ್ತಿರುವ ನಗರ, ಜನರ ಪರದಾಟ.' ಈ 'ಜನ' ಅನ್ನುವ ಮಾತನ್ನು ಗಮನಿಸಿ. ಮೂಗು ಮುಚ್ಚಿಕೊಂಡವರು ಜನ. ಕಸ ಎತ್ತುವವರು ಜನದೊಳಗೆ ಸೇರಿಲ್ಲ.

ಪತ್ರಿಕೆಗಳ ಈ ಕಣ್ಣು ಎಲ್ಲಿಂದ ಬಂತು? 1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದಾಗ, ಕಾಸು ಕೊಡುತ್ತೇವೆ ಅಂದರೂ ತಿಲಕರ 'ಕೇಸರಿ' ಅದರ ಜಾಹೀರಾತನ್ನು ಹಾಕಲಿಲ್ಲ. ಅದು ಹಳೆ ಕಾಲ ಅನ್ನಬಹುದು. 1996ರಲ್ಲಿ ಬಿ.ಎನ್. ಉನಿಯಾಲ್ ಅನ್ನುವ ಪತ್ರಕರ್ತರು ದೆಹಲಿಯಲ್ಲಿ ಸರಕಾರದ ಮಾನ್ಯತೆ ಪಡೆದ 686 ಪತ್ರಕರ್ತರ ಪಟ್ಟಿ ಹಿಡಿದು ಹುಡುಕಿದರು. ಒಬ್ಬ ದಲಿತನೂ ಅವರಿಗೆ ಸಿಗಲಿಲ್ಲ. 2006ರಲ್ಲಿ ಅನಿಲ್ ಚಮಡಿಯಾ, ಜಿತೇಂದ್ರ ಕುಮಾರ್, ಯೋಗೇಂದ್ರ ಯಾದವ್ ಮೂವರು ದೆಹಲಿಯ 37 ಮಾಧ್ಯಮ ಸಂಸ್ಥೆಗಳಲ್ಲಿ ನಿರ್ಧಾರ ಮಾಡುವ 315 ಜನರನ್ನು ನೋಡಿದರು. ಪರಿಶಿಷ್ಟ ಜಾತಿ, ಪಂಗಡದವರು ಸೊನ್ನೆ. 2019ರಲ್ಲಿ ಇನ್ನೊಂದು ಅಧ್ಯಯನ 121 ಮೇಲಿನ ಕುರ್ಚಿಗಳನ್ನು ನೋಡಿತು. 106ರಲ್ಲಿ ಮೇಲ್ಜಾತಿ, ಪರಿಶಿಷ್ಟರು ಮತ್ತೆ ಸೊನ್ನೆ. ಗುಂಡಿಯಲ್ಲಿ ನೂರಕ್ಕೆ 97, ಸಂಪಾದಕರ ಕೋಣೆಯಲ್ಲಿ ಸೊನ್ನೆ. ತಲೆಬರಹದಲ್ಲಿ ಕರ್ತೃ ಯಾಕಿಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕೆ?

ಎಲ್ಲ ವರದಿಗಾರರೂ ಕೆಟ್ಟವರು ಅಂತ ನಾವು ಹೇಳುತ್ತಿಲ್ಲ. ತಾಲೂಕು ವರದಿಗಾರ ಎಷ್ಟೋ ಸಲ ಸರಿಯಾಗಿಯೇ ಬರೆದು ಕಳಿಸುತ್ತಾನೆ. ಅವನಿಗೂ ಗುತ್ತಿಗೆಯೇ, ಅವನ ಸಂಬಳವೂ ತಡವೇ. ಆದರೆ ನಗರಸಭೆಯ ಜಾಹೀರಾತು ಬರುವ ಪುಟದಲ್ಲಿ ನಗರಸಭೆಯ ಇಂಜಿನಿಯರ ಹೆಸರು ಉಳಿಯುವುದು ಕಷ್ಟ.

ಯಾವುದಕ್ಕೆ ಗದ್ದಲ ಆಗುತ್ತದೆ ಅನ್ನುವುದರಲ್ಲೂ ಜಾತಿ ಇದೆ. 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಆ ಒಂದು ಮಾತಿಗೆ ರಾಜ್ಯ ಹೊತ್ತಿ ಉರಿಯಿತು. ಪತ್ರಿಕೆಗಳು ತುಂಬಿ ಹರಿದವು. ದಲಿತ ವಿದ್ಯಾರ್ಥಿಗಳ ಮೇಲೆ, ಇಂಥದೇ ಹಾಸ್ಟೆಲುಗಳ ಮೇಲೆ ಕಲ್ಲು ಬಿತ್ತು. ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ತಲೆ ಮೇಲಿನ ಮಲದ ಬಕೆಟ್ಟು ಇಳಿಸಲು ಅದೇ ಮಂತ್ರಿ ಕೊಟ್ಟ ಆಜ್ಞೆಯನ್ನು ಪಾಲಿಸಿದರೋ ಇಲ್ಲವೋ ಅಂತ ಕೇಳಲು ಯಾರು ಬೀದಿಗಿಳಿದರು?

ಪಾಲಿಸಿರಲಿಲ್ಲ ಅನ್ನುವುದಕ್ಕೆ ಸವಣೂರು ಸಾಕ್ಷಿ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ತಲೆಮಾರುಗಳಿಂದ ಮಲ ಹೊತ್ತ ಭಂಗಿ ಕುಟುಂಬಗಳು, ತಮ್ಮನ್ನು ಇದ್ದ ಜಾಗದಿಂದ ಎಬ್ಬಿಸಲು ಬಂದಾಗ, 2010ರ ಜುಲೈ 20ರಂದು ಪುರಸಭೆ ಮುಂದೆ ಮಲವನ್ನು ಮೈಗೆ ಬಳಿದುಕೊಂಡು ನಿಂತವು. ಆಗ ಕ್ಯಾಮರಾಗಳು ಬಂದವು, ಮಂತ್ರಿಗಳು ಬಂದರು. ಮಲ ತಲೆ ಮೇಲಿದ್ದ ಅಷ್ಟು ವರ್ಷ ಅದು ಸುದ್ದಿಯಲ್ಲ. ಮೈ ಮೇಲೆ ಬಂದ ದಿನ ಸುದ್ದಿ.

2019ರ ಫೆಬ್ರವರಿಯಲ್ಲಿ ಪ್ರಯಾಗರಾಜದ ಕುಂಭಮೇಳದಲ್ಲಿ ಪ್ರಧಾನಿ ಐವರು ಸಫಾಯಿ ಕಾರ್ಮಿಕರ ಕಾಲು ತೊಳೆದರು. ದೇಶದ ಎಲ್ಲ ಪೆಟ್ಟಿಗೆಗಳೂ ತೋರಿಸಿದವು. ಕಾಲು ತೊಳೆಯುವುದು ಗೌರವ ಇರಬಹುದು. ಆದರೆ ಆ ಕಾಲು ನಾಳೆ ಎಲ್ಲಿ ಇಳಿಯಬೇಕು ಅನ್ನುವುದು ಪ್ರಶ್ನೆ. ಪೌರಕಾರ್ಮಿಕ, ಸ್ವಚ್ಛತಾ ಸೇನಾನಿ, ಕೊರೊನಾ ಯೋಧ: ಹೆಸರು ಕೊಡುವುದರಲ್ಲಿ ಇವರು ಉದಾರಿಗಳು. 2023ರ ಯೋಜನೆಗೆ 'ನಮಸ್ತೆ' ಅಂತಲೇ ಹೆಸರಿಟ್ಟರು. ನಮಗೆ ನಮಸ್ತೆ ಬೇಡ. ಯಂತ್ರ ಕೊಡಿ, ಕಾಯಂ ನೌಕರಿ ಕೊಡಿ, ಇಳಿಸಿದವನ ಹೆಸರು ಕೊಡಿ.

ಗೆಳೆಯರೇ, ಇದು ಎಲ್ಲೋ ಬೆಂಗಳೂರಿನ ಮಾತು ಅಂತ ತಿಳಿಯಬೇಡಿ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಹೊರಬಿತ್ತು. ಕೇಸಾಯಿತು, ಬಂಧನವಾಯಿತು. ಹೊರಬಿದ್ದದ್ದು ಯಾವ ಇಲಾಖೆಯ ತಪಾಸಣೆಯಿಂದಲೂ ಅಲ್ಲ, ಹರಿದಾಡಿದ ಒಂದು ವಿಡಿಯೋದಿಂದ. ಓದಲು ಬಂದ ನಮ್ಮ ಮಕ್ಕಳ ಬೆನ್ನ ಹಿಂದೆ ಗುಂಡಿ ಹಾಸ್ಟೆಲಿನ ತನಕ ಬಂದಿದೆ.

ಹಾಗಾದರೆ ನಾವು ಮಾಡಬೇಕಾದ್ದೇನು?

ಒಂದು. ಹಾಸ್ಟೆಲಿಗೊಂದು ಪುಸ್ತಕ ಇಡಿ. ಇನ್ನೂರು ಪುಟದ ನೋಟ್‌ಬುಕ್ ಸಾಕು. ನಿಮ್ಮ ತಾಲೂಕಿನಲ್ಲಿ ಯಾರು ಯಾವ ಗುಂಡಿಗೆ ಇಳಿದರು, ಯಾವ ದಿನ, ಯಾರು ಕರೆದರು, ಜಾಗ ಯಾರದು, ಎಷ್ಟು ಕೂಲಿ. ಸತ್ತಾಗ ಮಾತ್ರ ಅಲ್ಲ, ಇಳಿದಾಗಲೇ ಬರೆಯಿರಿ. ಸತ್ತವರ ಲೆಕ್ಕ ಸರಕಾರವೂ ಇಡುತ್ತದೆ, ಬದುಕಿರುವವರ ಲೆಕ್ಕ ನಾವು ಇಡಬೇಕು. ಬರೆಯುವಾಗ ಆ ಕುಟುಂಬವನ್ನು ಕೇಳಿ ಬರೆಯಿರಿ. ಅವರ ಅನ್ನಕ್ಕೆ ಕುತ್ತು ಬರುವ ಹಾಗೆ ಹೆಸರನ್ನು ಬೀದಿಗೆ ತರಬೇಡಿ. ಬೀದಿಗೆ ಬರಬೇಕಾದ ಹೆಸರು ಇಳಿಸಿದವನದ್ದು.

ಎರಡು. ಮಾಹಿತಿ ಹಕ್ಕು ಕಾಯಿದೆ 2005ರಿಂದ ಇದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರು, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಿಮ್ಮ ಪುರಸಭೆಗೆ ಬರೆಯಿರಿ: ಒಳಚರಂಡಿ ಶುಚಿಯ ಗುತ್ತಿಗೆ ಯಾರದು, ಗುತ್ತಿಗೆ ಪತ್ರದ ನಕಲು ಕೊಡಿ, ಹೀರುವ ಯಂತ್ರಗಳು ಎಷ್ಟು, ಅವು ಓಡಿದ ಲಾಗ್ ಪುಸ್ತಕ ಕೊಡಿ. ಯಂತ್ರ ಒಂದು ತಿಂಗಳು ರಿಪೇರಿಯಲ್ಲಿದ್ದು ಚರಂಡಿ ಮಾತ್ರ ಶುಚಿಯಾಗಿದ್ದರೆ ಯಾರು ಇಳಿದರು ಅಂತ ಅಲ್ಲೇ ಗೊತ್ತಾಗುತ್ತದೆ. 2013ರ ಕಾಯಿದೆ ಪ್ರಕಾರ ಜಿಲ್ಲೆಗೊಂದು ಜಾಗೃತಿ ಸಮಿತಿ ಇರಬೇಕು, ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಅದು ಯಾವಾಗ ಸಭೆ ಸೇರಿತು, ನಡವಳಿ ಕೊಡಿ ಅಂತ ಕೇಳಿ. ಉತ್ತರ ಬರದಿದ್ದರೆ ಅದೂ ಒಂದು ಉತ್ತರ, ಪುಸ್ತಕದಲ್ಲಿ ಬರೆದಿಡಿ.

ಮೂರು. ಸಾವು ಆದರೆ ಎಫ್.ಐ.ಆರ್. ಓದಿ. 2013ರ ಕಾಯಿದೆ ಇದೆಯೆ? ದೌರ್ಜನ್ಯ ತಡೆ ಕಾಯಿದೆ ಇದೆಯೆ? ಆರೋಪಿಯ ಜಾಗದಲ್ಲಿ ಮೇಸ್ತ್ರಿ ಒಬ್ಬನ ಹೆಸರಿದೆಯೋ, ಕೆಲಸ ಕೊಟ್ಟ ಮೂಲ ಮಾಲೀಕನ ಹೆಸರಿದೆಯೋ? ಮೇಸ್ತ್ರಿಯೂ ಹಲವು ಸಲ ನಮ್ಮವನೇ ಆಗಿರುತ್ತಾನೆ. ನಮ್ಮವನೊಬ್ಬನನ್ನು ಗುಂಡಿಗೂ ಇನ್ನೊಬ್ಬನನ್ನು ಜೈಲಿಗೂ ಕಳಿಸಿ ಮೇಲಿನವನು ಮನೆಗೆ ಹೋಗಬಾರದು.

ನಾಲ್ಕು. ಪತ್ರಿಕೆಗೆ ಬರೆಯಿರಿ. 'ಉಸಿರುಗಟ್ಟಿ ಸಾವು' ಅಂತ ಬಂದ ದಿನವೇ ಸಂಪಾದಕರಿಗೆ ಒಂದು ಕಾರ್ಡು: ಯಾರು ಇಳಿಸಿದರು ಅಂತ ನೀವು ಬರೆದಿಲ್ಲ. ಒಂದು ಹಾಸ್ಟೆಲಿನಿಂದ ಅರವತ್ತು ಕಾರ್ಡು ಹೋಗಲಿ. ಹಾಕದಿದ್ದರೆ ಈ ಸೈಕ್ಲೋಸ್ಟೈಲ್ ಹಾಳೆ ಇದೆ, ಇಲ್ಲಿ ಹಾಕೋಣ. ಮಸಿ ಅಂಟಿದರೂ ಓದಲು ಬರುತ್ತದೆ.

ಐದು. ನಿಮ್ಮಲ್ಲಿ ಕೆಲವರು ಇಂಜಿನಿಯರಾಗುತ್ತೀರಿ, ಪುರಸಭೆಯ ಮುಖ್ಯಾಧಿಕಾರಿ ಆಗುತ್ತೀರಿ, ಪೊಲೀಸ್ ಅಧಿಕಾರಿ ಆಗುತ್ತೀರಿ, ಪತ್ರಕರ್ತರಾಗುತ್ತೀರಿ. ಆಗಬೇಕು. ಮೀಸಲಾತಿ ಅದಕ್ಕೇ ಇರುವುದು. ಆದರೆ ಆ ಕುರ್ಚಿಯಲ್ಲಿ ಕೂತ ದಿನ ಒಂದು ಬಿಲ್ಲು ನಿಮ್ಮ ಮುಂದೆ ಬರುತ್ತದೆ, ರುಜು ಕೇಳುತ್ತದೆ. ಆ ಬಿಲ್ಲಿನ ಕೆಳಗೆ ಮನುಷ್ಯರಿದ್ದಾರೋ ಯಂತ್ರ ಇದೆಯೋ ನೋಡಿ ರುಜು ಹಾಕಿ. ಇಲ್ಲದಿದ್ದರೆ ಕಾಣೆಯಾದ ಆ ಕರ್ತೃ ನೀವೇ ಆಗುತ್ತೀರಿ.

ಇಷ್ಟು ಹೇಳಿ ನಾವು ನಿಲ್ಲಿಸುತ್ತೇವೆ. ಪ್ರಶ್ನೆಗಳಿದ್ದರೆ ಊಟದ ಮೇಲೆ ಕೂತು ಮಾತಾಡೋಣ. ನೋಟ್‌ಬುಕ್ ಇಡಲು ಒಪ್ಪುವ ಹಾಸ್ಟೆಲುಗಳವರು ಹೋಗುವ ಮುಂಚೆ ನಿಮ್ಮ ತಾಲೂಕಿನ ಹೆಸರು ಬರೆಸಿ ಹೋಗಿ.

ಜೈಭೀಮ್.